ಇಂಗ್ಲಿಷ್ ವಾಕ್ಯದ ತಪ್ಪು ಹಿಡಿಯೋದು ಹೇಗೆ? ಬಾಡಿಗೆ ನೋಟಿಸ್, ದೂರು, ಪರೀಕ್ಷೆ ಬರೆಯುವವರಿಗೆ ಇಲ್ಲಿದೆ ಮಾಹಿತಿ

ಯಲಹಂಕ: ಯಲಹಂಕ ನ್ಯೂಟೌನ್‌ನಲ್ಲಿ ಮನೆ ಬಾಡಿಗೆಗೆ ಕೊಟ್ಟವರು, ಹೆಬ್ಬಾಳದಲ್ಲಿ ಪಿಜಿ ನಡೆಸುವವರು, ಆರ್.ಟಿ. ನಗರದ ಅಂಗಡಿಯವರು, ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿ ಹೊರ ರಾಜ್ಯದವರ ಜೊತೆ ವ್ಯವಹಾರ ಮಾಡುವವರು, ಎಲ್ಲರಿಗೂ ದಿನಕ್ಕೆ ನಾಲ್ಕು ಸಾಲು ಇಂಗ್ಲಿಷ್ ಬರೆಯುವ ಕೆಲಸ ಬಿದ್ದೇ ಬೀಳುತ್ತೆ. ವಾಟ್ಸಾಪ್ ಮೆಸೇಜು, ಬಾಡಿಗೆ ನೋಟಿಸು, ಬ್ಯಾಂಕಿಗೆ ಪತ್ರ, ಕೊರಿಯರ್ ದೂರು ಹೀಗೆ.

ಇದರಲ್ಲಿ ಕೆಲವು ತಪ್ಪು ಇದ್ದರೂ ಎದುರಿನವರಿಗೆ ಅರ್ಥ ಆಗುತ್ತೆ, ನಷ್ಟ ಏನಿಲ್ಲ. ಆದರೆ ಕೆಲವು ತಪ್ಪು ವಾಕ್ಯದ ಅರ್ಥವನ್ನೇ ಬದಲಾಯಿಸುತ್ತೆ. ದುಡ್ಡು, ತಾರೀಕು, ಮಾತು ಕೊಟ್ಟವರು ಯಾರು ಅನ್ನೋದೇ ತಿರುವುಮುರುವಾಗುತ್ತೆ. ನಾವು ಮಾಡುವ ತಪ್ಪುಗಳು ಹೆಚ್ಚಿನವು ಕನ್ನಡದ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ಇಳಿಸಿದಾಗ ಆಗುವಂಥವು. ಆದ್ದರಿಂದ ಎಲ್ಲಿ ಹುಡುಕಬೇಕು ಅಂತ ಗೊತ್ತಿದ್ದರೆ ಹಿಡಿಯೋದು ಸುಲಭ. ಮೊದಲು ದುಬಾರಿ ತಪ್ಪುಗಳನ್ನು ನೋಡೋಣ.

1. ದುಡ್ಡಿನ ವಾಕ್ಯ: ‘ಬೈ’ ಮತ್ತು ‘ಟು’

ಈಗ ಬಾಡಿಗೆ 10,000 ರೂಪಾಯಿ ಇದೆ, ಮುಂದಿನ ತಿಂಗಳಿಂದ 12,000 ಮಾಡಬೇಕು ಅಂದುಕೊಳ್ಳಿ. ಮಾಲೀಕರು ಹೀಗೆ ಬರೆಯುತ್ತಾರೆ:

‘ದಿ ರೆಂಟ್ ವಿಲ್ ಬಿ ಇನ್‌ಕ್ರೀಸ್ಡ್ ಬೈ 12,000 ರುಪೀಸ್.’

ಇದರ ಅರ್ಥ 12,000 ರೂಪಾಯಿ ಹೆಚ್ಚಳ, ಅಂದ್ರೆ ಒಟ್ಟು ಬಾಡಿಗೆ 22,000! ಸರಿಯಾದದ್ದು ‘ಇನ್‌ಕ್ರೀಸ್ಡ್ ಟು 12,000’ ಅಥವಾ ‘ಇನ್‌ಕ್ರೀಸ್ಡ್ ಬೈ 2,000’. ನೆನಪಿಡೋದು ಹೀಗೆ: ‘ಹನ್ನೆರಡು ಸಾವಿರಕ್ಕೆ’ ಅಂತ ‘ಕ್ಕೆ’ ಬಂದರೆ ‘ಟು’. ‘ಎರಡು ಸಾವಿರದಷ್ಟು’ ಅಂತ ‘ಅಷ್ಟು’ ಬಂದರೆ ‘ಬೈ’. ಬೆಲೆ ಇಳಿಸುವಾಗಲೂ ಇದೇ ಲೆಕ್ಕ.

2. ಗಡುವು: ‘ಬೈ’ ಮತ್ತು ‘ಟಿಲ್’

‘5ನೇ ತಾರೀಕಿನ ಒಳಗೆ’ ಅನ್ನೋದಕ್ಕೆ ‘ಬೈ’. ‘5ನೇ ತಾರೀಕಿನ ತನಕ’ ಅನ್ನೋದಕ್ಕೆ ‘ಟಿಲ್’. ‘ಪೇ ದಿ ರೆಂಟ್ ಟಿಲ್ ದಿ ಫಿಫ್ತ್’ ಅಂದರೆ ಐದನೇ ತಾರೀಕಿನ ತನಕದ ಬಾಡಿಗೆ ಕಟ್ಟಿ ಅಂತಲೂ ಓದಬಹುದು. ನಿಮಗೆ ಬೇಕಿರೋದು ‘ಪೇ ದಿ ರೆಂಟ್ ಬೈ ದಿ ಫಿಫ್ತ್’. ಅಂಗಡಿ ಒಂಬತ್ತರ ತನಕ ತೆರೆದಿರುತ್ತೆ ಅನ್ನೋದು ‘ಓಪನ್ ಟಿಲ್ 9’.

ರಸೀದಿ ಬರೆಯುವಾಗ ಇನ್ನೂ ಎಚ್ಚರ. ‘ರೆಂಟ್ ಪೇಯ್ಡ್ ಟಿಲ್ ಮಾರ್ಚ್’ ಅಂತ ಬರೆದರೆ ಮಾರ್ಚ್ ತಿಂಗಳು ಸೇರಿತೋ ಇಲ್ಲವೋ ಅಂತ ಆಮೇಲೆ ಜಗಳ. ‘ಪೇಯ್ಡ್ ಅಪ್ ಟು ಅಂಡ್ ಇನ್‌ಕ್ಲೂಡಿಂಗ್ 31 ಮಾರ್ಚ್’ ಅಂತ ಪೂರ್ತಿ ಬರೆಯಿರಿ.

3. ಮಾತು ಕೊಟ್ಟವರು ಯಾರು: ‘ಅಂತ’ ತರುವ ತೊಂದರೆ

ಕನ್ನಡದಲ್ಲಿ ‘ನಾನು ದುಡ್ಡು ಕೊಡ್ತೀನಿ ಅಂತ ಬಾಡಿಗೆದಾರ ಹೇಳಿದ’ ಅಂದರೆ ಕೊಡಬೇಕಾದವನು ಬಾಡಿಗೆದಾರ. ಯಾರಿಗೂ ಗೊಂದಲ ಇಲ್ಲ. ಇದನ್ನೇ ದೂರಿನಲ್ಲಿ ಹೀಗೆ ಬರೆದರೆ:

‘ದಿ ಟೆನೆಂಟ್ ಟೋಲ್ಡ್ ದಟ್ ಐ ವಿಲ್ ಪೇ ದಿ ಡ್ಯಾಮೇಜ್.’

ಇಂಗ್ಲಿಷಿನಲ್ಲಿ ಇಲ್ಲಿ ‘ಐ’ ಅಂದರೆ ದೂರು ಬರೆದವರು. ಅಂದ್ರೆ ನಷ್ಟ ಕಟ್ಟಿಕೊಡುವವರು ನೀವೇ ಅಂತ ನೀವೇ ಬರೆದುಕೊಟ್ಟ ಹಾಗಾಯ್ತು. ಸರಿಯಾದದ್ದು: ‘ದಿ ಟೆನೆಂಟ್ ಸೆಡ್ ದಟ್ ಹಿ ವುಡ್ ಪೇ ಫಾರ್ ದಿ ಡ್ಯಾಮೇಜ್.’ ಹೇಳಿದವನ ‘ಐ’ ಅನ್ನೋದು ‘ಹಿ’ ಆಗುತ್ತೆ, ‘ವಿಲ್’ ಅನ್ನೋದು ‘ವುಡ್’ ಆಗುತ್ತೆ.

ಜೊತೆಗೆ ‘ಟೋಲ್ಡ್’ ಬಂದರೆ ಯಾರಿಗೆ ಅಂತ ಹೇಳಲೇಬೇಕು: ‘ಹಿ ಟೋಲ್ಡ್ ಮಿ’. ಯಾರಿಗೆ ಅನ್ನೋದು ಬೇಡವಾದರೆ ‘ಹಿ ಸೆಡ್’.

4. ‘ಹೌದು, ಮಾಡಿಲ್ಲ’

ನಿಮ್ಮ ಖಾತೆಯಿಂದ ನಿಮಗೆ ಗೊತ್ತಿಲ್ಲದೆ ದುಡ್ಡು ಹೋಗಿದೆ ಅಂತ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡ್ತೀರಿ. ಆ ಕಡೆಯಿಂದ, ‘ಯು ಡಿಡ್ ನಾಟ್ ಮೇಕ್ ದಿಸ್ ಪೇಮೆಂಟ್?’ ಅಂತ ಕೇಳ್ತಾರೆ. ನಾವು ಕನ್ನಡದ ಅಭ್ಯಾಸದಲ್ಲಿ ‘ಯೆಸ್’ ಅಂತೀವಿ, ಅಂದ್ರೆ ‘ಹೌದು, ಮಾಡಿಲ್ಲ’. ಕೇಳಿದವರಿಗೆ ಅದು ‘ಹೌದು, ಮಾಡಿದ್ದೇನೆ’ ಅಂತ ಕೇಳಿಸಬಹುದು. ಇಂಗ್ಲಿಷಿನಲ್ಲಿ ಉತ್ತರ ‘ನಾಟ್’ ಆಗಿದ್ದರೆ ಶುರುವಿನಲ್ಲೂ ‘ನೋ’ ಬರಬೇಕು: ‘ನೋ, ಐ ಡಿಡ್ ನಾಟ್.’ ಬರೀ ಯೆಸ್, ನೋ ಅಂದು ಬಿಡಬೇಡಿ, ಪೂರ್ತಿ ವಾಕ್ಯ ಹೇಳಿ.

ಅಂಕ ಕಳೆಯುವ ತಪ್ಪುಗಳು

ಬ್ಯಾಂಕ್ ಪರೀಕ್ಷೆ, ಎಸ್‌ಎಸ್‌ಸಿ ಪರೀಕ್ಷೆ ಬರೆಯುವ ಮಕ್ಕಳಿಗೆ, ಕೆಪಿಎಸ್‌ಸಿಯ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಯಲ್ಲಿ ಸಾಮಾನ್ಯ ಇಂಗ್ಲಿಷ್ ಆರಿಸಿಕೊಂಡವರಿಗೆ ಈ ಕೆಳಗಿನವು ಮುಖ್ಯ.

* ‘ಸಿನ್ಸ್’, ‘ಫಾರ್’: ‘ಹತ್ತು ವರ್ಷದಿಂದ’, ‘2015ರಿಂದ’ ಎರಡಕ್ಕೂ ಕನ್ನಡದಲ್ಲಿ ‘ಇಂದ’ ಸಾಕು. ಇಂಗ್ಲಿಷಿನಲ್ಲಿ ಎಷ್ಟು ಕಾಲ ಅನ್ನೋದಕ್ಕೆ ‘ಫಾರ್’, ಯಾವಾಗ ಶುರು ಅನ್ನೋದಕ್ಕೆ ‘ಸಿನ್ಸ್’. ‘ಐ ಆಮ್ ರನ್ನಿಂಗ್ ದಿಸ್ ಶಾಪ್ ಸಿನ್ಸ್ ಟೆನ್ ಇಯರ್ಸ್’ ತಪ್ಪು. ‘ಐ ಹ್ಯಾವ್ ಬೀನ್ ರನ್ನಿಂಗ್ ದಿಸ್ ಶಾಪ್ ಫಾರ್ ಟೆನ್ ಇಯರ್ಸ್’ ಸರಿ.

* ಕರ್ತೃ ಯಾವುದು: ‘ಈರುಳ್ಳಿಗಳ ಬೆಲೆ ಹೆಚ್ಚಿದೆ’ ಅಂದಾಗ ಕ್ರಿಯಾಪದದ ಹತ್ತಿರ ಇರೋದು ‘ಬೆಲೆ’. ಇಂಗ್ಲಿಷಿನಲ್ಲಿ ಕ್ರಮ ಉಲ್ಟಾ, ‘ದಿ ಪ್ರೈಸ್ ಆಫ್ ಆನಿಯನ್ಸ್’ ಅಂತ ಈರುಳ್ಳಿ ಕೊನೆಗೆ ಬಂದು ನಮ್ಮನ್ನು ಏಮಾರಿಸುತ್ತೆ. ‘ಆರ್ ಹೈ’ ತಪ್ಪು, ‘ಈಸ್ ಹೈ’ ಸರಿ. ‘ಆಫ್’ ಮುಂದೆ ಇರೋದನ್ನು ಬೆರಳಿನಿಂದ ಮುಚ್ಚಿ ಓದಿ, ಉತ್ತರ ಸಿಗುತ್ತೆ.

* ಬಹುವಚನ: ‘ಮೂರು ಅಂಗಡಿ ಇದೆ’ ಅಂತ ನಾವು ಮಾತಾಡ್ತೀವಿ. ಇಂಗ್ಲಿಷಿನಲ್ಲಿ ‘ಥ್ರೀ ಶಾಪ್’ ಅನ್ನೋ ಹಾಗಿಲ್ಲ, ‘ಥ್ರೀ ಶಾಪ್ಸ್’. ‘ಒನ್ ಆಫ್ ದಿ’ ಬಂದಾಗಲೂ ಬಹುವಚನವೇ: ‘ಒನ್ ಆಫ್ ದಿ ಶಾಪ್ಸ್ ಈಸ್ ಕ್ಲೋಸ್ಡ್.’ ಆದರೆ ಫರ್ನಿಚರ್, ಇನ್‌ಫರ್ಮೇಶನ್, ಲಗೇಜ್, ಎಕ್ವಿಪ್‌ಮೆಂಟ್ ಇವಕ್ಕೆ ಕೊನೆಗೆ ‘ಸ್’ ಸೇರಿಸುವಂತಿಲ್ಲ.

* ‘ಡಿಡ್’ ಬಂದ ಮೇಲೆ: ‘ಐ ಡಿಡ್ ನಾಟ್ ರಿಸೀವ್ಡ್ ದಿ ಪಾರ್ಸೆಲ್’ ತಪ್ಪು. ಆಗಿಹೋದದ್ದು ಅಂತ ‘ಡಿಡ್’ ಹೇಳಿಯಾಯ್ತು, ಇನ್ನೊಮ್ಮೆ ಹೇಳಬೇಕಿಲ್ಲ. ‘ಡಿಡ್ ನಾಟ್ ರಿಸೀವ್’ ಸರಿ.

* ‘ಹ್ಯಾವಿಂಗ್’: ನಮ್ಮ ಹತ್ತಿರ ಇದೆ ಅನ್ನೋ ಅರ್ಥದಲ್ಲಿ ‘ಐ ಆಮ್ ಹ್ಯಾವಿಂಗ್ ಟೂ ಶಾಪ್ಸ್’ ತಪ್ಪು, ‘ಐ ಹ್ಯಾವ್ ಟೂ ಶಾಪ್ಸ್’ ಸರಿ. ಊಟ ಮಾಡ್ತಾ ಇದ್ದರೆ ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯೇ.

* ಹೆಚ್ಚಿನ ಪದ: ‘ಡಿಸ್ಕಸ್ ಅಬೌಟ್’, ‘ರಿಟರ್ನ್ ಬ್ಯಾಕ್’, ‘ಮೋರ್ ಬೆಟರ್’ ಇವುಗಳಲ್ಲಿ ‘ಅಬೌಟ್’, ‘ಬ್ಯಾಕ್’, ‘ಮೋರ್’ ಬೇಡ.

‘ಎ’ ಅಥವಾ ‘ಆ್ಯನ್’? ಕನ್ನಡ ಅಕ್ಷರಮಾಲೆ ಸಾಕು

ಮುಂದಿನ ಪದವನ್ನು ಸರಿಯಾಗಿ ಉಚ್ಚರಿಸಿ, ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಎಂಎಲ್‌ಎ, ಎಫ್‌ಐಆರ್, ಅವರ್ ಇವು ಸ್ವರದಿಂದ ಶುರು, ಆದ್ದರಿಂದ ‘ಆ್ಯನ್’. ಯೂನಿವರ್ಸಿಟಿ, ಯೂನಿಫಾರ್ಮ್ ಇವು ‘ಯ’ದಿಂದ ಶುರು, ಆದ್ದರಿಂದ ‘ಎ’. ಒಂದೇ ಎಚ್ಚರ: ನಾವು ‘ಒನ್‌ವೇ’ ಅಂತ ಬರೆದರೂ ಇಂಗ್ಲಿಷಿನ ಉಚ್ಚಾರ ‘ವನ್‌ವೇ’. ಆದ್ದರಿಂದ ಅದು ‘ಎ ಒನ್‌ವೇ ರೋಡ್’.

ಸರಿ ಇರೋದನ್ನು ತಿದ್ದಬೇಡಿ

ಬಿಲ್ ಪುಸ್ತಕದ ಮೇಲಿರುವ ‘ಗೂಡ್ಸ್ ಒನ್ಸ್ ಸೋಲ್ಡ್ ವಿಲ್ ನಾಟ್ ಬಿ ಟೇಕನ್ ಬ್ಯಾಕ್’ ವ್ಯಾಕರಣದ ಪ್ರಕಾರ ಪೂರ್ತಿ ಸರಿ. ತೊಂದರೆ ಇರೋದು ಕಾನೂನಿನಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಳ್ಳಲ್ಲ ಅನ್ನೋದು ಅನುಚಿತ ವ್ಯಾಪಾರ. ಅಂಗಡಿಯವರು ಗಮನಿಸಿ.

‘ಪ್ರಿಪೋನ್’ ಅನ್ನೋ ಪದವೂ ತಪ್ಪಲ್ಲ. ಭಾರತದ ಇಂಗ್ಲಿಷಿನಲ್ಲಿ ಬೆಳೆದ ಪದ ಅದು, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ.

ನೀವೇ ಹಿಡಿಯಿರಿ

1. ದಿ ಕೀಸ್ ಆಫ್ ದಿ ಶಾಪ್ ಈಸ್ ವಿತ್ ಮಿ.
2. ವಿ ಆರ್ ಲಿವಿಂಗ್ ಇನ್ ಹೆಬ್ಬಾಳ್ ಸಿನ್ಸ್ ಸಿಕ್ಸ್ ಇಯರ್ಸ್.
3. ಪ್ಲೀಸ್ ವೆಕೇಟ್ ದಿ ರೂಮ್ ಟಿಲ್ ಸಂಡೇ.
4. ಹಿ ಈಸ್ ಎ ಎಲ್‌ಐಸಿ ಏಜೆಂಟ್.
5. ಐ ಪೇಯ್ಡ್ ದಿ ಬಿಲ್ ಯೆಸ್ಟರ್‌ಡೇ.

ಉತ್ತರ: 1. ‘ಈಸ್’ ಬದಲು ‘ಆರ್’, ಕರ್ತೃ ‘ಕೀಸ್’. 2. ‘ಹ್ಯಾವ್ ಬೀನ್ ಲಿವಿಂಗ್’ ಮತ್ತು ‘ಫಾರ್ ಸಿಕ್ಸ್ ಇಯರ್ಸ್’. 3. ‘ಬೈ ಸಂಡೇ’. 4. ‘ಆ್ಯನ್ ಎಲ್‌ಐಸಿ ಏಜೆಂಟ್’. 5. ತಪ್ಪಿಲ್ಲ. ಪರೀಕ್ಷೆಯಲ್ಲೂ ‘ತಪ್ಪಿಲ್ಲ’ ಅನ್ನೋ ಆಯ್ಕೆ ಇರುತ್ತೆ, ಬಲವಂತವಾಗಿ ತಪ್ಪು ಹುಡುಕಬೇಡಿ.

ಕಳಿಸುವ ಮುಂಚೆ ಮೂರು ಪ್ರಶ್ನೆ

ಯಾವುದೇ ಇಂಗ್ಲಿಷ್ ಪತ್ರ, ಮೆಸೇಜ್ ಕಳಿಸುವ ಮುಂಚೆ ನೋಡಿ: ದುಡ್ಡು ಎಷ್ಟು ಅಂತ ಒಂದೇ ಅರ್ಥ ಬರುತ್ತಾ? ತಾರೀಕು ಯಾವುದು ಅಂತ ಒಂದೇ ಅರ್ಥ ಬರುತ್ತಾ? ಯಾರು ಯಾರಿಗೆ ಹೇಳಿದ್ದು, ಕೊಡಬೇಕಾದ್ದು ಅಂತ ಗೊತ್ತಾಗುತ್ತಾ? ಈ ಮೂರು ಸರಿ ಇದ್ದರೆ ಉಳಿದ ಸಣ್ಣಪುಟ್ಟ ತಪ್ಪಿನಿಂದ ದೊಡ್ಡ ನಷ್ಟ ಇಲ್ಲ.

ಅನುಮಾನ ಇದ್ದರೆ ಕನ್ನಡದಲ್ಲೇ ಬರೆಯಿರಿ. 1963ರ ರಾಜಭಾಷಾ ಕಾಯ್ದೆಯಂತೆ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ಪೊಲೀಸ್ ಠಾಣೆಗೆ, ತಾಲ್ಲೂಕು ಕಚೇರಿಗೆ, ಪಾಲಿಕೆಗೆ ಕನ್ನಡದಲ್ಲಿ ದೂರು ಕೊಡಬಹುದು. ಅರ್ಧಂಬರ್ಧ ಇಂಗ್ಲಿಷಿನ ದೂರಿಗಿಂತ ಸ್ಪಷ್ಟ ಕನ್ನಡದ ದೂರು ನಿಮ್ಮನ್ನು ಕಾಪಾಡುತ್ತೆ.