ದೋಷವೇ ಗುಣವಾದ ಕಥೆ

ವಾದ್ಯಗಳ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ವಾದ್ಯಗಳ ದೋಷಗಳ ಚರಿತ್ರೆಯನ್ನು ಬರೆದವರು ವಿರಳ. ಆದರೆ ಎಲೆಕ್ಟ್ರಿಕ್ ಗಿಟಾರಿನ ಮಟ್ಟಿಗೆ ದೋಷದ ಕಥೆಯೇ ವಾದ್ಯದ ಕಥೆ. ಇಂದು ನಮ್ಮ ಹುಡುಗರು ಗಣಕಯಂತ್ರದ ಮುಂದೆ ಕುಳಿತು, ತೆರೆಯ ಮೇಲಿನ ಒಂದು ಗುಂಡಿಯನ್ನು ತಿರುಗಿಸಿ ಪಡೆಯುವ ಆ ಒರಟು ನಾದ, ಎಪ್ಪತ್ತು ವರ್ಷಗಳ ಹಿಂದೆ ಇಂಜಿನಿಯರುಗಳು ಹೋಗಲಾಡಿಸಲು ಹೆಣಗುತ್ತಿದ್ದ ಕೆಡುಕೇ ಆಗಿತ್ತು.

ಹಳೆಯ ವಾಲ್ವ್ ರೇಡಿಯೋ ನಮ್ಮ ಹಿರಿಯರಿಗೆ ನೆನಪಿರಬೇಕು. ಗಾಜಿನ ಬುರುಡೆ ಬಿಸಿಯಾದ ಮೇಲೆಯೇ ಅದು ಬಾಯಿ ಬಿಡುತ್ತಿತ್ತು. ಗಿಟಾರಿನ ಆಂಪ್ಲಿಫೈಯರೂ ಅದೇ ಕುಲದ್ದು. ವಾಲ್ವಿಗೆ ಅದರ ಶಕ್ತಿ ಮೀರಿ ಕೆಲಸ ಕೊಟ್ಟರೆ ಧ್ವನಿಯ ಅಲೆಯ ತುದಿ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದೊಡನೆ ಅದರ ಮೇಲಿನ ಸ್ವರಗಳೂ ಹೊಸದಾಗಿ ಮೊಳಗುತ್ತವೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ದಾರದ ಎಳೆಯನ್ನು ಇಲ್ಲಿ ನೆನೆಯಬಹುದು. ತಂತಿಗೆ ಅದೊಂದು ಅಡ್ಡಿ. ಆ ಅಡ್ಡಿಯಿಂದಲೇ ಝೇಂಕಾರ. ಅದನ್ನು ‘ಜೀವಾಳ’ವೆಂದು ಕರೆದ ನಮ್ಮವರಿಗೆ ಈ ಗುಟ್ಟು ಹೊಸದಲ್ಲ.

ಅಮೆರಿಕದಲ್ಲಿ ಈ ಗುಟ್ಟು ಹೊರಬಿದ್ದದ್ದು ಆಕಸ್ಮಿಕಗಳಿಂದ. 1951ರಲ್ಲಿ ಮೆಂಫಿಸ್ ನಗರದಲ್ಲಿ ‘ರಾಕೆಟ್ 88’ ಗೀತೆಯ ಮುದ್ರಣಕ್ಕೆ ಬಂದ ತಂಡದ ಆಂಪ್ಲಿಫೈಯರು ದಾರಿಯಲ್ಲಿ ಪೆಟ್ಟು ತಿಂದಿತ್ತು. ಸ್ಪೀಕರಿಗೆ ಕಾಗದ ತುರುಕಿ ನುಡಿಸಿದರೆಂದು ಹೇಳುತ್ತಾರೆ. 1961ರಲ್ಲಿ ಹೊರಬಂದ ಮಾರ್ಟಿ ರಾಬಿನ್ಸ್‌ರ ‘ಡೋಂಟ್ ವರಿ’ ಗೀತೆಯಲ್ಲಿ ಮುದ್ರಣಯಂತ್ರದ ಭಾಗವೊಂದು ಕೆಟ್ಟು ವಿಚಿತ್ರ ಗೊಗ್ಗರು ಸದ್ದು ಬಂತು. ಅದನ್ನು ಎಸೆಯುವ ಬದಲು ಇಂಜಿನಿಯರ್ ಗ್ಲೆನ್ ಸ್ನಾಡಿ ಅಂಥದೇ ಸದ್ದು ಕೊಡುವ ಉಪಕರಣ ರೂಪಿಸಿದರು. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಕಾಲಿನಿಂದ ಒತ್ತುವ ಪೆಟ್ಟಿಗೆಯಾಗಿ ‘ಮ್ಯಾಸ್ಟ್ರೋ ಫಜ್ ಟೋನ್’ ಎಂಬ ಹೆಸರಿನಲ್ಲಿ ಮಾರಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ಆಕಸ್ಮಿಕವೀಗ ಉದ್ದೇಶವಾಯಿತು.

ಅದೇ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪ್ಲಿಫೈಯರನ್ನು ಮಾದರಿಯಾಗಿಟ್ಟುಕೊಂಡು 1962ರಲ್ಲಿ ತಮ್ಮದನ್ನು ಕಟ್ಟಿಸಿದರು. ಬಿಡಿಭಾಗಗಳು ಬೇರೆಯಾದುದರಿಂದ ನಾದವೂ ಬೇರೆಯಾಯಿತು. ನಕಲು ಮಾಡಹೊರಟು ಹೊಸದೊಂದನ್ನು ಹುಟ್ಟಿಸಿದ ಈ ಘಟನೆಯನ್ನು ವಾಚಕರು ನೆನಪಿನಲ್ಲಿಡಬೇಕು. ಎಲೆಕ್ಟ್ರಿಕ್ ಗಿಟಾರಿನ ಗಾಳಿ ಮುಂಬಯಿಗೂ ಬೀಸಿತು. 1971ರ ‘ದಮ್ ಮಾರೋ ದಮ್’ ಗೀತೆಗೆ ಗಿಟಾರ್ ನುಡಿಸಿದವರು ಗಾಯಕರೆಂದೇ ನಾವು ಬಲ್ಲ ಭೂಪಿಂದರ್ ಸಿಂಗ್.

ಆದರೆ ಈ ನಾದಕ್ಕೆ ಬೆಲೆ ತೆರಬೇಕಿತ್ತು. ವಾಲ್ವ್ ಬಳಲಬೇಕಾದರೆ ಧ್ವನಿ ಜೋರಾಗಲೇಬೇಕು. ಮಹಾನಗರದ ಫ್ಲಾಟಿನಲ್ಲಿ ಹಾಗೆ ನುಡಿಸಿದರೆ ನೆರೆಯವರು ಸೊಸೈಟಿಯ ಕಾರ್ಯದರ್ಶಿಯನ್ನೇ ಕರೆತಂದಾರು! ಸದ್ದಿಲ್ಲದೆ ಆ ನಾದವನ್ನು ಪಡೆಯುವ ಯತ್ನ ಇಲ್ಲಿಂದ ಆರಂಭ. 1982ರಲ್ಲಿ ಟಾಮ್ ಶೋಲ್ಜ್‌ರ ‘ರಾಕ್‌ಮನ್’ ಹೆಡ್‌ಫೋನಿನಲ್ಲಿ ಕೇಳುವ ಪುಟ್ಟ ಪೆಟ್ಟಿಗೆಯಾಗಿ ಬಂತು. 1989ರಲ್ಲಿ ‘ಸ್ಯಾನ್ಸ್‌ಆಂಪ್’ ಬಂತು. 1996ರಲ್ಲಿ ಸ್ಟೈನ್‌ಬರ್ಗ್ ಕಂಪನಿಯ ವಿಎಸ್‌ಟಿ ಪದ್ಧತಿಯಿಂದ ಧ್ವನಿಪರಿಣಾಮಗಳು ಗಣಕಯಂತ್ರದೊಳಗೇ ನೆಲೆಗೊಂಡವು. 1998ರಲ್ಲಿ ಲೈನ್ 6 ಕಂಪನಿಯ ‘ಪಾಡ್’, 2002ರಲ್ಲಿ ‘ಆಂಪ್ಲಿಟ್ಯೂಬ್’, 2004ರಲ್ಲಿ ‘ಗಿಟಾರ್ ರಿಗ್’ ಹೊರಬಂದವು.

ಇದು ನಡೆಯುವ ಬಗೆ ಸ್ವಾರಸ್ಯವಾದುದು. ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿಸುತ್ತಾರೆ. ವಾಲ್ವ್ ಅಲೆಯನ್ನು ಬಾಗಿಸುವ ರೀತಿಯಲ್ಲೇ ಗಣಿತದ ಸೂತ್ರ ಆ ಅಂಕಿಗಳನ್ನು ಬಾಗಿಸುತ್ತದೆ. ಅಂಕಿಗಳನ್ನು ತುಸು ಹೊತ್ತು ತಡೆದು ಮತ್ತೆ ಬಿಟ್ಟರೆ ಮಾರ್ದನಿ. ಕೊನೆಗೆ ಸ್ಪೀಕರಿನ ಅನುಕರಣೆ ಬೇಕು. ಗಿಟಾರಿನ ಸ್ಪೀಕರು ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಈ ಹಂತವನ್ನು ಬಿಟ್ಟರೆ ಕೇಳಿಬರುವುದು ನಾದವಲ್ಲ, ಜೀರುಂಡೆಯ ಕೂಗು. ಪರಿಣಾಮಗಳ ಸರದಿಯೂ ಮುಖ್ಯ: ಮೊದಲು ಒರಟುತನ, ಆಮೇಲೆ ಮಾರ್ದನಿ. ತಿರುವುಮುರುವಾದರೆ ಮಾರ್ದನಿಯೂ ಒರಟಾಗಿ ಸ್ವರಗಳು ಕಲಸಿಹೋಗುತ್ತವೆ.

ಈ ಅನುಕರಣೆ ಲಾಭವೋ ನಷ್ಟವೋ? ಬೆಂಗಳೂರಿನ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಬಂದಾಗಲೂ ಇಂಥ ಪ್ರಶ್ನೆ ಎದ್ದಿತ್ತು. ಅದರಿಂದ ಹೊರನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಅಭ್ಯಾಸಕ್ಕೆ ಶ್ರುತಿ ದೊರಕಿತೆಂಬುದನ್ನು ಮರೆಯಲಾಗದು. ಹಾಗೆಯೇ ದುಬಾರಿ ಆಂಪ್ಲಿಫೈಯರನ್ನು ಕನಸಿನಲ್ಲೂ ಕಾಣದ ಹುಡುಗನಿಗೆ ಇಂದು ಅದರ ನಾದ ಎಟುಕಿದೆ. ಇದು ದೊಡ್ಡ ಲಾಭವೇ ಸರಿ.

ಆದರೂ ಒಂದು ಮಾತು. ಸಾಫ್ಟ್‌ವೇರು ಅಚ್ಚುಕಟ್ಟಾಗಿ ಒದಗಿಸುವುದು ಹಿಂದಿನವರ ಆಕಸ್ಮಿಕಗಳನ್ನು. ಕೆಟ್ಟ ಯಂತ್ರವನ್ನು ಎಸೆಯದೆ ಅದಕ್ಕೆ ಕಿವಿಗೊಟ್ಟ ಆ ತಾಳ್ಮೆ ಯಾವ ತೆರೆಯ ಮೇಲಿನ ಗುಂಡಿಯಲ್ಲೂ ಇಲ್ಲ. ಅದನ್ನು ನಮ್ಮ ಮಕ್ಕಳೇ ತರಬೇಕು. ಸಿದ್ಧಪಡಿಸಿಟ್ಟ ನಾದಗಳನ್ನು ಕೇಳಿ ತಣಿದ ಮೇಲೆ, ಕೈಪಿಡಿ ಹೇಳದ ರೀತಿಯಲ್ಲೂ ಒಮ್ಮೆ ಗುಂಡಿ ತಿರುಗಿಸಿ ನೋಡಲೆಂದು ಅವರಿಗೆ ಹೇಳೋಣ. ಮಾರ್ಷಲ್ಲರ ಅಂಗಡಿಯಲ್ಲಿ ನಡೆದದ್ದು ಈ ಕೋಣೆಗಳಲ್ಲೂ ನಡೆಯಬಾರದೆಂದೇನೂ ಇಲ್ಲ.