ಬೆರಳಿಗೂ ಅಕ್ಷರಕ್ಕೂ ನಡುವೆ

ಮುಂಬಯಿಯ ಲೋಕಲ್ ರೈಲಿನಲ್ಲಿ ಒಂದು ಕೈ ಮೇಲಿನ ಹಿಡಿಕೆಗೇ ಮೀಸಲು. ಉಳಿದ ಕೈಯ ಹೆಬ್ಬೆರಳಿಗೆ ಗುಂಡಿಯ ಫೋನು ಹಿತವೋ, ಟಚ್‌ಸ್ಕ್ರೀನ್ ಹಿತವೋ ಎಂಬ ತಕರಾರು ಇನ್ನೂ ಪೂರ್ತಿ ಮುಗಿದಿಲ್ಲ. ಗುಂಡಿಯ ಪರ ವಹಿಸುವವರ ಮಾತಿನಲ್ಲಿ ಹುರುಳಿದೆ: ಗುಂಡಿ ಬೆರಳಿಗೆ ತಾಗುತ್ತದೆ, ಒತ್ತಿದ್ದು ಒತ್ತಿದಂತೆ ಗೊತ್ತಾಗುತ್ತದೆ, ಜನಜಂಗುಳಿಯಲ್ಲಿ ಕಣ್ಣು ಬೇರೆಡೆ ಇದ್ದರೂ ಬರಹ ಸಾಗುತ್ತದೆ. ಆದರೆ ಈ ವಾದ ಮೂಲತಃ ಇಂಗ್ಲಿಷ್ ಬರೆಯುವವರದ್ದು. ಕನ್ನಡ, ಮರಾಠಿ, ಗುಜರಾತಿಗಳು ಒಂದೇ ಬೋಗಿಯಲ್ಲಿ ಕೂತು ಬರೆಯುವ ಊರಿನಲ್ಲಿ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯಬೇಕು. ನಮ್ಮ ಲಿಪಿಗಳಿಗೆ ಬಿಡುಗಡೆ ಸಿಕ್ಕಿದ್ದು ಗಾಜು ಬಂದಾಗ ಎಂದು ಹಲವರು ತಿಳಿದಿದ್ದಾರೆ. ಅದಕ್ಕೆ ಬಹಳ ಮೊದಲೇ, ಕೀಲಿಗೂ ಅಕ್ಷರದ ಆಕಾರಕ್ಕೂ ಇದ್ದ ಕಟ್ಟು ಬಿಚ್ಚಿದಾಗಲೇ ಅದು ಸಿಕ್ಕಿತ್ತು ಎಂಬುದು ನನ್ನ ವಾದ. ಕನ್ನಡದ ಮಟ್ಟಿಗೆ ಆ ಕಥೆಯ ಒಂದು ದೊಡ್ಡ ಪಾಲು ಮುಂಬಯಿಯಲ್ಲೇ ನಡೆದಿದೆ.

ಮೊದಲು ಲೋಹದ ಕಾಲ. 1955ರಲ್ಲಿ ಮುಂಬಯಿಯ ಗೋದ್ರೆಜ್ ಆಂಡ್ ಬಾಯ್ಸ್ ಕಂಪನಿ ಸ್ವದೇಶಿ ಟೈಪ್‌ರೈಟರನ್ನು ಹೊರತಂದಿತು; 2009ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ನಡುವಿನ ಐವತ್ತು ಚಿಲ್ಲರೆ ವರ್ಷ ಫೋರ್ಟಿನ ಕಚೇರಿಗಳೂ ಕೋರ್ಟಿನ ಹೊರಗೆ ಫುಟ್‌ಪಾತಿನ ಮೇಲೆ ಅಫಿಡವಿಟ್ ಹೊಡೆದುಕೊಡುವವರೂ ಆ ಟಕಟಕ ಸದ್ದಿನಲ್ಲೇ ಬದುಕಿದರು. ತುಳುನಾಡಿನಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರಿಗೆ ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕ್ಲಾಸು ಗಲ್ಲೆಯಿಂದ ಮೇಜಿಗೆ ದಾಟುವ ಸಂಕವಾಗಿತ್ತು. ನಿಮಿಷಕ್ಕೆ 30 ಪದ, 40 ಪದ ಎಂಬ ಸರ್ಟಿಫಿಕೇಟಿಗೆ ಸಂಬಳದ ಬೆಲೆಯಿತ್ತು. ಆದರೆ ಯಂತ್ರ ಇಂಗ್ಲಿಷಿನ 26 ಅಕ್ಷರಗಳ ಅಳತೆಗೆ ಹೊಲಿದ ಅಂಗಿ. ಕನ್ನಡಕ್ಕೆ ಅನಂತಸುಬ್ಬರಾವ್ ಕೀಲಿಮಣೆ ರೂಪಿಸಿಕೊಟ್ಟರು, ನಿಜ. ಸುಮಾರು 46 ಕೀಲಿ, ಶಿಫ್ಟ್ ಒತ್ತಿದರೆ ಅದರ ಇಮ್ಮಡಿ. ಅಷ್ಟರೊಳಗೆ ಇಡೀ ಕಾಗುಣಿತ, ಒತ್ತಕ್ಷರ, ಅಂಕಿ, ವಿರಾಮಚಿಹ್ನೆ ಎಲ್ಲ ಅಡಗಬೇಕು. ಅಕ್ಷರವನ್ನು ತುಂಡು ಮಾಡದೆ ಬೇರೆ ದಾರಿಯೇ ಇರಲಿಲ್ಲ. ಒಡಲಿಗೊಂದು ಪೆಟ್ಟು, ತಲೆಕಟ್ಟಿಗೊಂದು, ಕೊಂಬಿಗೊಂದು, ಒತ್ತಿಗೊಂದು. ಬಾಯಲ್ಲಿ ಒಂದೇ ಉಸಿರಿಗೆ ಬರುವುದನ್ನು ಬೆರಳು ಚಿತ್ರದಂತೆ ಜೋಡಿಸಬೇಕಿತ್ತು. ಆ ಇಕ್ಕಟ್ಟಿನಲ್ಲಿ ಅವರು ತೋರಿದ ಜಾಣ್ಮೆ ದೊಡ್ಡದು. ಆದರೂ ಲೋಹದ ಅಚ್ಚು ತನ್ನಲ್ಲಿ ಕೊರೆದದ್ದನ್ನು ಬಿಟ್ಟು ಬೇರೇನನ್ನೂ ಮೂಡಿಸಲಾರದು.

ಈ ಗಂಟನ್ನು ಬಿಚ್ಚಿದವರಲ್ಲಿ ಮುಖ್ಯರು ಮಂಗಳೂರು ಬಳಿಯ ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಅವರು ಐರಾವತಂ ಮಹಾದೇವನ್ ಅವರ ಸಿಂಧೂ ಲಿಪಿಯ ಅಧ್ಯಯನದಲ್ಲಿ ಕೈಜೋಡಿಸಿದ್ದರು. ಯಾರಿಗೂ ಓದಲು ಬಾರದ ಲಿಪಿಯನ್ನು ಕಂಪ್ಯೂಟರಿಗೆ ಉಣಿಸುವಾಗ ಚಿಹ್ನೆಯ ರೂಪ ಬೇರೆ, ಅದಕ್ಕೆ ಕೊಡುವ ಸಂಕೇತ ಬೇರೆ ಎಂಬುದು ಮನಸ್ಸಿಗೆ ಹತ್ತದೆ ಇರುತ್ತದೆಯೇ? ಇದು ನನ್ನ ಊಹೆ, ಇರಲಿ. ಮುಂದೆ ಪ್ರಭಾದೇವಿಯ ಟಾಟಾ ಪ್ರೆಸ್ಸಿನಲ್ಲಿ ಭಾರತೀಯ ಲಿಪಿಗಳ ಫೋಟೊ ಅಕ್ಷರಜೋಡಣೆ ಅವರ ಕೆಲಸವಾಯಿತು. ಅಲ್ಲಿ ಅಕ್ಷರ ಸೀಸದ ತುಂಡಾಗಿ ಉಳಿದಿರಲಿಲ್ಲ. ಯಂತ್ರವೇ ಲೆಕ್ಕ ಹಾಕಿ ಬೆಳಕಿನಿಂದ ಮೂಡಿಸುತ್ತಿತ್ತು. ಆಮೇಲೆ ಅವರು ಕೊಟ್ಟ ಕೀಲಿಮಣೆಯ ತಿರುಳೂ ಅದೇ: ಬೆರಳು ಧ್ವನಿಯನ್ನು ಹೇಳಲಿ, ಆಕಾರದ ಚಿಂತೆ ಯಂತ್ರದ್ದು. ಇಂಗ್ಲಿಷಿನ ಮಾಮೂಲಿ ಕೀಲಿಗಳೇ ಸಾಕು. ಕೆ ಒತ್ತಿದರೆ ಕ, ಶಿಫ್ಟಿನೊಂದಿಗೆ ಒತ್ತಿದರೆ ಖ. ವ್ಯಂಜನದ ಮುಂದೆ ಸ್ವರದ ಕೀಲಿ ಒತ್ತಿದರೆ ಕಾಗುಣಿತ ತಾನಾಗಿ ಕೂಡುತ್ತದೆ. ಒತ್ತಕ್ಷರ ಬೆಸೆಯಲು ಎಫ್ ಕೀಲಿ. ‘ಸ್ತ್ರೀ’ ಎಂದು ಬರೆಯಲು ಎಸ್, ಎಫ್, ಟಿ, ಎಫ್, ಆರ್, ಕೊನೆಗೆ ಶಿಫ್ಟ್ ಐ. ನಾಲಿಗೆ ನಡೆದ ದಾರಿಯಲ್ಲೇ ಬೆರಳೂ ನಡೆಯುತ್ತದೆ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ಅವರು ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಅವರ ವಿನ್ಯಾಸವನ್ನೇ ಸ್ವಲ್ಪ ಬದಲಾವಣೆಯೊಂದಿಗೆ ಕರ್ನಾಟಕ ಸರಕಾರ ಒಪ್ಪಿತು. ‘ನುಡಿ’ ತಂತ್ರಾಂಶ ಬಳಸುವವರ ಬೆರಳುಗಳು ಇಂದಿಗೂ ಅದರ ಮೇಲೇ ಓಡುತ್ತವೆ.

ಹಾಗಾದರೆ ಫೋನಿನಲ್ಲಿ ಕನ್ನಡದ ಹೊಳೆ ಹರಿದದ್ದು ಗುಂಡಿ ಹೋಗಿ ಗಾಜು ಬಂದ ಮೇಲೆಯೇ ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಡ್ಡಿ ಇದ್ದದ್ದು ಗುಂಡಿಯ ಮೇಲಿನ ಮುದ್ರಣದಲ್ಲಿ. ಹನ್ನೆರಡು ಗುಂಡಿಯ ಫೋನಿನಲ್ಲಿ ಅಂಕಿಯೂ ಇಂಗ್ಲಿಷೂ ಕೂತ ಮೇಲೆ ಉಳಿಯುವ ಅಂಗೈಯಗಲವೂ ಅಲ್ಲದ ಜಾಗದಲ್ಲಿ ಇನ್ನೊಂದು ಲಿಪಿಗೆ ಎಡೆಯಿದ್ದರೆ ಹೆಚ್ಚು. ಅದೂ ಕವರ್ಗ ಒಂದು ಗುಂಡಿ, ಚವರ್ಗ ಇನ್ನೊಂದು ಎಂದು ಹಂಚಿದರೆ ಘ ಬರಲು ನಾಲ್ಕು ಬಾರಿ ಕುಟ್ಟಬೇಕು. ಧಾರಾವಿಯಂಥ ಒಂದೇ ಬಸ್ತಿಯಲ್ಲಿ ತಮಿಳು, ಮರಾಠಿ, ಉರ್ದು, ಕನ್ನಡ ಎಲ್ಲವೂ ಇರುವಾಗ ಅಂಗಡಿಯವನು ಯಾವ ಲಿಪಿಯ ಗುಂಡಿ ತರಿಸಬೇಕು? 2004ರಲ್ಲಿ ಭಾರತಕ್ಕೆ ಬಂದ ಬ್ಲ್ಯಾಕ್‌ಬೆರಿಯ ಪುಟಾಣಿ ಕೀಲಿಮಣೆಯನ್ನು ಹೊಗಳುವವರು ಈ ಲೆಕ್ಕ ಬಿಟ್ಟೇ ಹೊಗಳುತ್ತಾರೆ. ಗಾಜಿನ ಮೇಲೆ ಅಕ್ಷರ ಬದಲಿಸಲು ಖರ್ಚಿಲ್ಲ. ಇದನ್ನು ಚೆನ್ನಾಗಿ ದುಡಿಸಿಕೊಂಡದ್ದು ಪವಾಯಿಯ ಐಐಟಿ ಬಾಂಬೆಯ ವಿನ್ಯಾಸ ವಿಭಾಗದವರ ‘ಸ್ವರಚಕ್ರ’. ಮರಾಠಿ, ಹಿಂದಿ, ಕನ್ನಡ ಮುಂತಾದ ಭಾಷೆಗಳಿಗಿದ್ದ ಈ ಕೀಲಿಮಣೆಯಲ್ಲಿ ವ್ಯಂಜನಗಳು ವರ್ಣಮಾಲೆಯ ಕ್ರಮದಲ್ಲೇ ಕೂತಿವೆ. ಒಂದನ್ನು ಮುಟ್ಟಿದರೆ ಸುತ್ತ ಒಂದು ಚಕ್ರ ಅರಳಿ ಕಾ, ಕಿ, ಕೀ, ಕು ಎಂದು ಕಾಗುಣಿತ ಕಾಣಿಸುತ್ತದೆ. ಬೆರಳನ್ನು ಆ ಕಡೆಗೆ ಜಾರಿಸಿದರೆ ಆಯಿತು. ಟೈಪಿಂಗ್ ಕ್ಲಾಸಿನ ಮೆಟ್ಟಿಲು ಹತ್ತದವರೂ ಮಗ್ಗಿಯ ಜೊತೆ ಕಲಿತ ಕಾಗುಣಿತದಿಂದಲೇ ಬರೆಯಬಹುದು. ಆದರೂ ಆ ಚಕ್ರದ ಒಳಗಿರುವುದು ಮೊದಲಿನ ತತ್ವವೇ: ಬೆರಳು ಸೂಚಿಸುತ್ತದೆ, ಆಕಾರ ಬೇರೆಲ್ಲೋ ಕೂಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ಗಾಜೂ ತುಂಡು ಅಕ್ಷರಗಳ ಹಲಗೆಯಾಗಿ ಉಳಿಯುತ್ತಿತ್ತು. 2017ರಲ್ಲಿ ಎಲ್ಲ ಫೋನುಗಳೂ 22 ಭಾಷೆ ತೋರಿಸಬೇಕು, ಇಂಗ್ಲಿಷ್, ಹಿಂದಿಯಲ್ಲದೆ ಕಡೇಪಕ್ಷ ಇನ್ನೊಂದು ಭಾಷೆಯಲ್ಲಿ ಬರೆಯಲು ಬಿಡಬೇಕು ಎಂಬ ಸರಕಾರಿ ನಿಯಮ ಬಂದಾಗ ಗುಂಡಿಯ ಫೋನುಗಳೂ ಅದಕ್ಕೆ ಒಳಪಟ್ಟವು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬಹಳ ಜನ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆದು, ಫೋನು ಅದನ್ನು ಕನ್ನಡಕ್ಕೆ ತಿರುಗಿಸಲಿ ಎಂದು ಬಿಡುತ್ತಾರೆ, ಹಾಗಿರುವಾಗ ಕೆ.ಪಿ. ರಾವ್ ಗೆದ್ದರೆಂದು ಹೇಗೆ ಹೇಳುವುದು? ಅರ್ಧ ಗೆದ್ದರು ಎನ್ನಬೇಕು. ಅವರ ಮಣೆಯಲ್ಲಿ ಕೆ ಎಂಬುದು ಕನ್ನಡದ ಕ ಕೂತ ಜಾಗದ ಗುರುತು, ಅಷ್ಟೇ. ತಿರುಗಿಸುವ ಪದ್ಧತಿಯಲ್ಲಿ ಇಂಗ್ಲಿಷ್ ಕಾಗುಣಿತವೇ ನಡುವೆ ಬಂದು ಕೂರುತ್ತದೆ. ಬರೆಯುವವನು ಹಲವು ಊಹೆಗಳಲ್ಲಿ ಒಂದನ್ನು ಆರಿಸುವವನಾಗುತ್ತಾನೆ, ಅಲ್ಪಪ್ರಾಣ ಮಹಾಪ್ರಾಣಗಳ ನೆನಪು ಸಡಿಲಾಗುತ್ತದೆ. ಗುಂಡಿಯ ಪಕ್ಷಕ್ಕೂ ಒಂದು ಋಣ ಸಲ್ಲಬೇಕು. ಗಾಜಿಗೆ ಕಣ್ಣು ಬೇಕು. ಪತ್ರಿಕೆಯ ಡೆಸ್ಕಿನಲ್ಲಿ ದಿನವಿಡೀ ಕನ್ನಡ ಹೊಡೆಯುವವರು ಇಂದಿಗೂ ಕೂರುವುದು ನಿಜವಾದ ಕೀಲಿಗಳ ಮುಂದೆ. ಅವರ ಕಣ್ಣು ವಾಕ್ಯದ ಮೇಲಿರುತ್ತದೆ, ಬೆರಳು ತನ್ನ ಪಾಡಿಗೆ ನಡೆಯುತ್ತದೆ. ಕಲಿಯುವ ಕಷ್ಟ ಹೋದಂತೆ ಕಲಿತದ್ದಕ್ಕೆ ಸಿಗುತ್ತಿದ್ದ ಸಂಬಳವೂ ಹೋಯಿತು. ಎಲ್ಲರೂ ಹೊಡೆಯಬಲ್ಲ ಊರಿನಲ್ಲಿ ಬೆರಳಚ್ಚು ಒಂದು ಕಸುಬಾಗಿ ಉಳಿಯುವುದು ಕಷ್ಟ, ಹೋಟೆಲಿನಿಂದ ಫೋರ್ಟಿಗೆ ದಾಟಿಸುತ್ತಿದ್ದ ಆ ಸಂಕ ಈಗಿಲ್ಲ. ಎಫ್ ಕೀಲಿ ಮಾತ್ರ ಬೇರೆ ವೇಷದಲ್ಲಿ ಇದೆ. ಗಾಜಿನ ಕನ್ನಡ ಕೀಲಿಮಣೆಯ ಒಂದು ಮೂಲೆಯಲ್ಲಿ ಒಂಟಿಯಾಗಿ ಕೂತ ಆ ಹಲಂತ ಚಿಹ್ನೆಯನ್ನು ಮುಟ್ಟದೆ ಆ ಮಣೆಯಲ್ಲಿ ಅಕ್ಷರ ಅಕ್ಷರವಾಗಿ ‘ಅಮ್ಮ’ ಎಂದು ಬರೆಯಲೂ ಆಗದು.