ಗೋರ್ಟರನ ನಿಷ್ಫಲ ಪ್ರಯೋಗ

೧೯೩೬ನೆಯ ಇಸವಿಯಲ್ಲಿ ಹಾಲೆಂಡ್ ದೇಶದ 'ಫಿಸಿಕಾ' ಎಂಬ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನವು ಪ್ರಕಟವಾಯಿತು. ಬರೆದವನು ಕಾರ್ನೆಲಿಸ್ ಯಾಕೋಬಸ್ ಗೋರ್ಟರ್; ಆಗ ಅವನ ವಯಸ್ಸು ಮೂವತ್ತನ್ನು ಮುಟ್ಟಿರಲಿಲ್ಲ. ಪರಮಾಣುಬೀಜಗಳ ಅಯಸ್ಕಾಂತಗುಣವನ್ನು ಹುಡುಕಿ ಕಾಣದೆ ಹೋದೆನೆಂಬುದನ್ನು ಆತನು ಲೇಖನದ ತಲೆಬರಹದಲ್ಲಿಯೇ ಸಾರಿದ್ದನು. ಸೋಲನ್ನು ಇಷ್ಟು ನಿಸ್ಸಂಕೋಚವಾಗಿ ಅಚ್ಚು ಹಾಕಿಸುವ ಪಂಡಿತರು ಯಾವ ಶಾಸ್ತ್ರದಲ್ಲಿಯೂ ವಿರಳ.

ಆತನು ಹುಡುಕಿದುದು ಏನೆಂಬುದನ್ನು ಮೊದಲು ತಿಳಿಯಬೇಕು. ಪರಮಾಣುವಿನ ಗರ್ಭದಲ್ಲಿ ಬೀಜವೊಂದು, ಅಂದರೆ ನ್ಯೂಕ್ಲಿಯಸ್ಸು, ಇರುವುದಷ್ಟೆ. ಜಲಜನಕ, ಲಿಥಿಯಂ ಮೊದಲಾದ ಹಲವು ಮೂಲವಸ್ತುಗಳ ಬೀಜಗಳು ಬುಗುರಿಯಂತೆ ಭ್ರಮಿಸುತ್ತ ಅತಿಸೂಕ್ಷ್ಮವಾದ ಅಯಸ್ಕಾಂತಗಳಾಗಿ ವರ್ತಿಸುತ್ತವೆ. ಇವನ್ನು ಪ್ರಬಲವಾದ ಅಯಸ್ಕಾಂತಕ್ಷೇತ್ರದಲ್ಲಿಟ್ಟರೆ, ವಾಲಿದ ಬುಗುರಿಯ ತಲೆ ಸುತ್ತುವಂತೆ ಅವುಗಳ ಅಕ್ಷವು ನಿಯತವಾದ ವೇಗದಿಂದ ಸುತ್ತತೊಡಗುವುದು. ೧೦,೦೦೦ ಗೌಸ್ ಬಲದ ಕ್ಷೇತ್ರದಲ್ಲಿ ಜಲಜನಕದ ಬೀಜವು ಸೆಕೆಂಡಿಗೆ ಸುಮಾರು ೪ ಕೋಟಿ ೨೬ ಲಕ್ಷ ಸಲ ಸುತ್ತುತ್ತದೆ. ಅದೇ ಸಂಖ್ಯೆಯ ಕಂಪನವುಳ್ಳ ರೇಡಿಯೋ ಅಲೆಯನ್ನು ಹಾಯಿಸಿದರೆ ಬೀಜವು ಅದರ ಶಕ್ತಿಯನ್ನು ಹೀರಿಕೊಳ್ಳುವುದು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ಜೀಕು ಏರುವುದಿಲ್ಲವೆ, ಹಾಗೆ. ಇದಕ್ಕೆ ಬೀಜಗಳ ಅಯಸ್ಕಾಂತೀಯ ಅನುರಣನವೆಂದು ಹೆಸರು. ಹೀರಿದ ಶಕ್ತಿಯು ಕಡೆಗೆ ಶಾಖವಾಗಿ ಸ್ಫಟಿಕವನ್ನು ತುಸುವಾದರೂ ಬಿಸಿಮಾಡಬೇಕೆಂಬುದು ಗೋರ್ಟರನ ತರ್ಕ. ಲಿಥಿಯಂ ಫ್ಲೋರೈಡನ್ನೂ ಪಟಿಕವನ್ನೂ ಅತಿಶೀತದಲ್ಲಿಟ್ಟು ಆತನು ಕಾದನು. ಶಾಖವು ಕಾಣಲಿಲ್ಲ.

ತರ್ಕದಲ್ಲಿ ದೋಷವಿರಲಿಲ್ಲ. ಬೀಜವು ಶಕ್ತಿಯನ್ನು ಹೀರಿದರೆ ಸಾಲದು, ಅದನ್ನು ಸುತ್ತಣ ದ್ರವ್ಯಕ್ಕೆ ಒಪ್ಪಿಸಿ ಮತ್ತೆ ಹಸಿಯಬೇಕು. ಹೀಗೆ ಒಪ್ಪಿಸುವುದಕ್ಕೆ ಹಿಡಿಯುವ ಅವಧಿಯನ್ನು ವಿಶ್ರಾಂತಿಕಾಲವೆನ್ನಬಹುದು. ಅದು ತೀರ ದೀರ್ಘವಾದರೆ ಬೀಜಗಳು ಉಂಡು ತಣಿದವರಂತೆ ಮತ್ತೇನನ್ನೂ ಸ್ವೀಕರಿಸದೆ ಸುಮ್ಮನಿದ್ದುಬಿಡುತ್ತವೆ. ವಿಪರ್ಯಾಸವೆಂದರೆ, ಎಲೆಕ್ಟ್ರಾನುಗಳ ಅಯಸ್ಕಾಂತತೆಯಲ್ಲಿ ಇಂಥ ವಿಶ್ರಾಂತಿಯನ್ನು ಮೊದಲು ಕಂಡುಹಿಡಿದವನು ಗೋರ್ಟರನೇ. ಅದೂ ಅದೇ ೧೯೩೬ರಲ್ಲಿ!

ಮರುವರ್ಷ ಆತನು ಅಮೆರಿಕಕ್ಕೆ ಹೋದಾಗ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ರಾಬಿಯನ್ನು ಕಂಡು ತನ್ನ ಯೋಚನೆಯನ್ನು ತಿಳಿಸಿದನು. ನಿರ್ವಾತದಲ್ಲಿ ಹರಿಯುವ ಅಣುಗಳ ಧಾರೆಯ ಮೇಲೆ ರಾಬಿಯೂ ಅವನ ಸಂಗಡಿಗರೂ ಪ್ರಯೋಗ ನಡೆಸುತ್ತಿದ್ದರು. ಒಂದೊಂದು ಅಣುವೂ ಒಂಟಿಯಾಗಿ ಹಾಯುವಲ್ಲಿ ಶಕ್ತಿಯನ್ನು ಒಪ್ಪಿಸುವ ಪ್ರಶ್ನೆಯೇ ಇಲ್ಲ. ೧೯೩೮ರಲ್ಲಿ ಅವರಿಗೆ ಅನುರಣನವು ಸ್ಪಷ್ಟವಾಗಿ ಕಂಡಿತು. ೧೯೪೪ರ ನೊಬೆಲ್ ಪಾರಿತೋಷಕವು ರಾಬಿಗೆ ಸಂದಿತು. ಇತ್ತ ಹಾಲೆಂಡು ಜರ್ಮನರ ವಶದಲ್ಲಿದ್ದ ೧೯೪೨ರಲ್ಲಿ ಗೋರ್ಟರನು ಬ್ರೂರ್ ಎಂಬವನೊಡನೆ ಬೇರೊಂದು ಉಪಾಯದಿಂದ ಮತ್ತೊಮ್ಮೆ ಯತ್ನಿಸಿದನು. ಈ ಸಲವೂ ಫಲವಿಲ್ಲ.

ಯುದ್ಧವು ಮುಗಿದೊಡನೆ, ೧೯೪೫ರ ಡಿಸೆಂಬರಿನಲ್ಲಿ, ಹಾರ್ವರ್ಡಿನ ಪರ್ಸೆಲ್, ಟೋರಿ ಮತ್ತು ಪೌಂಡ್ ಎಂಬ ಮೂವರು ಪ್ಯಾರಾಫಿನ್ ಮೇಣದಲ್ಲಿ ಈ ಅನುರಣನವನ್ನು ಕಂಡರು. ಕೆಲವೇ ವಾರಗಳಲ್ಲಿ ಸ್ಟ್ಯಾನ್‌ಫರ್ಡಿನ ಬ್ಲಾಖ್, ಹ್ಯಾನ್ಸೆನ್, ಪ್ಯಾಕರ್ಡರಿಗೆ ಅದು ನೀರಿನಲ್ಲಿ ಕಂಡಿತು. ಪರ್ಸೆಲನು ಅಷ್ಟಕ್ಕೇ ನಿಲ್ಲಲಿಲ್ಲ. ಪೌಂಡ್ ಹಾಗೂ ಹಾಲೆಂಡಿನಿಂದ ಆಗತಾನೆ ಬಂದ ತರುಣ ಬ್ಲೂಂಬರ್ಗೆನ್ ಇವರೊಡನೆ ೧೯೪೬ರಲ್ಲಿ ಜಲಜನಕದ ಅನಿಲವನ್ನೇ ಒತ್ತಿ ತುಂಬಿ ಪರೀಕ್ಷಿಸಿದನು. ಅನಿಲದಲ್ಲೊಂದು ವಿಚಿತ್ರವಿದೆ. ಅಣುವಿನ ಸ್ವಂತ ಭ್ರಮಣದಿಂದ ಬೀಜದ ಮೇಲೆ ಬೀಳುವ ಕ್ಷೇತ್ರವು ಪ್ರತಿಯೊಂದು ಡಿಕ್ಕಿಗೂ ಬದಲಾಗುತ್ತದೆ. ಒತ್ತಡವನ್ನು ಹೆಚ್ಚಿಸಿದರೆ ಡಿಕ್ಕಿಗಳು ಹೆಚ್ಚುವುದರಿಂದ ವಿಶ್ರಾಂತಿ ಬೇಗ ದೊರೆಯಬೇಕೆಂದು ತೋರುವುದು ಸಹಜ. ಆದರೆ ಆಗುವುದು ತದ್ವಿರುದ್ಧ. ಬದಲಾವಣೆಗಳು ಅತಿಶೀಘ್ರವಾದಷ್ಟೂ ಒಂದನ್ನೊಂದು ಅಳಿಸಿಹಾಕಿ, ಬೀಜವನ್ನು ಅಲುಗಿಸಲಾರದೆ ಹೋಗುತ್ತವೆ.

ಬ್ಲೂಂಬರ್ಗೆನನು ಬಳಿಕ ಲೈಡನ್ನಿಗೆ, ಗೋರ್ಟರನ ಬಳಿಗೇ, ಬಂದು ಸ್ಫಟಿಕಗಳನ್ನು ಪರೀಕ್ಷಿಸಿ ೧೯೪೯ರಲ್ಲಿ ಹಳೆಯ ಒಗಟನ್ನು ಬಿಡಿಸಿದನು. ಸ್ಫಟಿಕದಲ್ಲಿ ಬೀಜಗಳಿಗೆ ವಿಶ್ರಾಂತಿಯನ್ನು ಕೊಡಿಸುವುದು ಅಲ್ಲಲ್ಲಿ ಬೆರೆತಿರುವ, ಎಣಿಕೆಗೆ ಬಾರದಷ್ಟು ಅಲ್ಪವಾದ ಕಲ್ಮಷ: ಅಯಸ್ಕಾಂತಗುಣವುಳ್ಳ ಅನ್ಯಪರಮಾಣುಗಳು. ಒಂದು ಚಮಚ ಹೆಪ್ಪು ಇಡೀ ಗಡಿಗೆಯ ಹಾಲನ್ನು ಮೊಸರುಮಾಡುವಂತೆ, ಆ ಕೆಲವು ಪರಮಾಣುಗಳ ಪ್ರಭಾವವು ಬೀಜದಿಂದ ಬೀಜಕ್ಕೆ ಹರಡಿ ದೂರದವನ್ನೂ ಮುಟ್ಟುತ್ತದೆ. ನಿರ್ಮಲವಾದ ಸ್ಫಟಿಕದಲ್ಲಿ ಹೆಪ್ಪೇ ಇಲ್ಲ. ಗೋರ್ಟರನ ಸ್ಫಟಿಕಗಳು ಬೇಕಾದುದಕ್ಕಿಂತ ಹೆಚ್ಚು ಶುದ್ಧವಾಗಿದ್ದುವೆಂಬುದೇ ಅವನ ಸೋಲಿಗೆ ಸಾಮಾನ್ಯವಾಗಿ ಹೇಳುವ ಕಾರಣ. ಮಡಿ ಹೆಚ್ಚಾಗಿ ಅಡಿಗೆ ಕೆಟ್ಟಂತಾಯಿತು!

ತಣಿದ ಬೀಜಗಳ ತೊಡಕಿಗೆ ಬೆಂಗಳೂರಿನಲ್ಲಿಯೂ ಒಂದು ಪರಿಹಾರವು ದೊರೆಯಿತು. ೧೯೫೧ರಲ್ಲಿ ಭಾರತೀಯ ವಿಜ್ಞಾನ ಮಂದಿರದ ಜಿ. ಸೂರ್ಯನ್‌ರವರು ದ್ರವವನ್ನು ಕೊಳವೆಯಲ್ಲಿ ಹರಿಯಬಿಟ್ಟು ಅನುರಣನವನ್ನು ಅಳೆದರು. ತಣಿದ ಬೀಜಗಳು ಮುಂದೆ ಸಾಗಿ ಹೊಸವು ಬರುತ್ತಿರುವುದರಿಂದ ಸಂಕೇತವು ಬಲಗೊಳ್ಳುವುದು. ದೇಹದಲ್ಲಿ ಹರಿಯುವ ರಕ್ತವನ್ನು ಈ ಮಾರ್ಗದಿಂದ ಅಳೆಯುವವರು ಇಂದಿಗೂ ಆ ಲೇಖನವನ್ನು ನೆನೆಯುತ್ತಾರೆ.

ಇಷ್ಟರಲ್ಲಿ ಗೋರ್ಟರನ ಲೈಡನ್ ಪ್ರಯೋಗಶಾಲೆಯು ಅನುರಣನವನ್ನು ಹುಡುಕುವ ಕೆಲಸದಿಂದ ಅದನ್ನು ಕಣ್ಣಾಗಿ ಬಳಸುವ ಕೆಲಸಕ್ಕೆ ತೊಡಗಿತ್ತು. ಅಲ್ಲಿಯ ಪೌಲಿಸ್ ಮತ್ತು ಹಾರ್ಡೆಮಾನ್ ತಾಮ್ರದ ಕ್ಲೋರೈಡಿನ ನೀಲಿಹಸಿರು ಹರಳನ್ನು ತಣಿಸಿ, ಅದರೊಳಗಣ ನೀರಿನ ಜಲಜನಕಬೀಜಗಳನ್ನು ವಿಚಾರಿಸಿದರು. ನಿರಪೇಕ್ಷ ಶೂನ್ಯಕ್ಕಿಂತ ಸುಮಾರು ೪.೩ ಡಿಗ್ರಿ ಮೇಲಿನ ಶೀತದಿಂದ ಕೆಳಗಿಳಿದೊಡನೆ ಅನುರಣನರೇಖೆಗಳು ಬೇರೆ ಬೇರೆಯಾಗಿ ಸೀಳಿದುವು. ತಾಮ್ರದ ಪರಮಾಣುಗಳು ಒಂದು ಮೇಲ್ಮೊಗವಾಗಿ, ಒಂದು ಕೆಳಮೊಗವಾಗಿ ಸಾಲುಗಟ್ಟಿ ನಿಂತಿದ್ದುವು. ಒಟ್ಟು ಮೊತ್ತವು ಶೂನ್ಯವಾದುದರಿಂದ ಹೊರಗಿನ ದಿಕ್ಸೂಚಿಗೆ ಇದು ತಿಳಿಯಲಾರದು. ಒಳಗಿದ್ದ ಬೀಜಕ್ಕೆ ತಿಳಿಯಿತು. ೧೯೫೯ರಲ್ಲಿ ಅಮೆರಿಕದ ಗೊಸಾರ್ಡ್ ಮತ್ತು ಪೋರ್ಟಿಸ್ ಕೋಬಾಲ್ಟ್ ಲೋಹದಲ್ಲಿ ಹೊರಗಿನ ಅಯಸ್ಕಾಂತವೇ ಇಲ್ಲದೆ ಅನುರಣನವನ್ನು ಕಂಡು, ಆ ಲೋಹದ ಬೀಜದ ಮೇಲೆ ಅದರ ಸ್ವಂತ ಕ್ಷೇತ್ರವೇ ೨ ಲಕ್ಷ ಗೌಸಿಗಿಂತ ಅಧಿಕವೆಂದು ತೋರಿಸಿದರು.

೧೯೫೨ರ ನೊಬೆಲ್ ಪಾರಿತೋಷಕವು ಬ್ಲಾಖ್ ಮತ್ತು ಪರ್ಸೆಲರಿಗೆ ದೊರೆತಿತು. ಗೋರ್ಟರನು ೧೯೬೭ರಲ್ಲಿ ಅಮೆರಿಕದ 'ಫಿಸಿಕ್ಸ್ ಟುಡೇ' ಪತ್ರಿಕೆಗೆ ತನ್ನ ಕೈತಪ್ಪಿದ ಶೋಧಗಳ ಕಥೆಯನ್ನು ತಾನೇ ಬರೆದನು. ಮೂವತ್ತೊಂದು ವರ್ಷಗಳ ಹಿಂದಿನಂತೆ ಈ ಸಲವೂ ಸಂಗತಿಯನ್ನು ತಲೆಬರಹದಲ್ಲಿಯೇ ಇಟ್ಟಿದ್ದನು: ದುರದೃಷ್ಟ.